ಓಟದ ಗೆರೆಯೂ ನ್ಯಾಯದ ಗೆರೆಯೂ

ನಮ್ಮ ಸೀಮೆಯಲ್ಲಿ ಸುಗ್ಗಿ ಮುಗಿದು ಗದ್ದೆ ಬಯಲಾಯಿತೆಂದರೆ ಎತ್ತಿನ ಗಾಡಿ ಓಟದ ಕಾಲ ಬಂದಿತೆಂದೇ ಅರ್ಥ. ಕ್ಯಾತನಹಳ್ಳಿಯಲ್ಲಿ ಹುಟ್ಟಿದ ನಾನು ಅಕ್ಷರ ಕಲಿಯುವುದಕ್ಕೆ ಮುಂಚೆಯೇ ಹಳ್ಳಿಕಾರ್ ಎತ್ತಿನ ಕೊಂಬು, ಗೊರಸು, ಹಲ್ಲುಗಳ ಲಕ್ಷಣವನ್ನು ಕಲಿತವನು. ಬೇಬಿ ಬೆಟ್ಟದ ದನಗಳ ಜಾತ್ರೆಗೆ ಅಜ್ಜನ ಹೆಗಲೇರಿ ಹೋದವನು. ಆದುದರಿಂದ ಈ ಕ್ರೀಡೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಪ್ರೀತಿಯುಳ್ಳವನಿಗೆ ದೋಷವನ್ನು ಹೇಳುವ ಹಕ್ಕೂ ಉಂಟೆಂದು ನಂಬಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

2014ರ ಮೇ 7ರಂದು ಸರ್ವೋಚ್ಚ ನ್ಯಾಯಾಲಯವು ಜಲ್ಲಿಕಟ್ಟನ್ನೂ ಎತ್ತಿನ ಗಾಡಿ ಓಟವನ್ನೂ ನಿಷೇಧಿಸಿದಾಗ ನಮ್ಮೂರಿನ ಹಿರಿಯರು ಮನೆಯಲ್ಲಿ ಸಾವಾದಂತೆ ಕುಳಿತಿದ್ದರು. ಅನಂತರ ನಮ್ಮ ರಾಜ್ಯವು 1960ರ ಪ್ರಾಣಿಹಿಂಸೆ ತಡೆ ಕಾಯಿದೆಗೆ 2017ರಲ್ಲಿ ತಿದ್ದುಪಡಿ ತಂದು ಕಂಬಳಕ್ಕೂ ಗಾಡಿ ಓಟಕ್ಕೂ ಅವಕಾಶ ಕೊಟ್ಟಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ನಾವು ಗೆದ್ದೆವೆಂದು ಪಟಾಕಿ ಹಚ್ಚಿದೆವು. ಆದರೆ ಪ್ರಾಣಿಗೆ ಅನಗತ್ಯವಾದ ನೋವಾಗಬಾರದೆಂಬ ಷರತ್ತು ಆ ಅವಕಾಶಕ್ಕೆ ಅಂಟಿಕೊಂಡೇ ಇದೆ. ಅದನ್ನು ಓದಿದವರು ನಮ್ಮಲ್ಲಿ ಎಷ್ಟು ಮಂದಿ?

ನಾನು ಕಣ್ಣಾರೆ ಕಂಡ ಒಂದು ಪ್ರಸಂಗವನ್ನು ಹೇಳುತ್ತೇನೆ. ನೆರೆಯೂರಿನ ಓಟವೊಂದರಲ್ಲಿ ಕಡೆಯ ಸುತ್ತಿಗೆ ನಮ್ಮ ಚಿಕ್ಕಪ್ಪನ ಜೋಡಿಯೂ ಮತ್ತೊಬ್ಬ ವೃದ್ಧ ರೈತರ ಜೋಡಿಯೂ ಉಳಿದವು. ನಾನು ಗುರಿಯ ಗೆರೆಯ ಪಕ್ಕದಲ್ಲಿಯೇ ನಿಂತಿದ್ದೆ. ಗೇಣಿನಷ್ಟು ಮುಂದಾಗಿ ಬಂದದ್ದು ಆ ವೃದ್ಧರ ಜೋಡಿ. ಅಷ್ಟರಲ್ಲಿ ಜನ ಓಣಿಯೊಳಕ್ಕೆ ನುಗ್ಗಿದರು. ತೀರ್ಪುಗಾರರಿಗೆ ಗೆರೆಯೇ ಕಾಣಲಿಲ್ಲ. ಗಾಡಿ ನಿಲ್ಲದೆ ಒಬ್ಬ ಹುಡುಗನ ಕಾಲಿನ ಮೇಲೆ ಚಕ್ರ ಹರಿಯುವುದು ಕೂದಲೆಳೆಯಲ್ಲಿ ತಪ್ಪಿತು. ಗದ್ದಲದ ನಡುವೆ ಗೆಲುವು ನಮ್ಮದೆಂದು ಕೂಗಿದರು. ತೀರ್ಪುಗಾರರಲ್ಲೊಬ್ಬರು ನಮಗೆ ಬೀಗರ ಕಡೆಯವರು. ಆ ವೃದ್ಧರು ಮಾತಾಡದೆ ತಮ್ಮ ಎತ್ತುಗಳ ಬೆನ್ನು ಸವರಿ ಹೊರಟುಹೋದರು. ರಾತ್ರಿ ಚಿಕ್ಕಪ್ಪನಿಗೆ ಕಂಡದ್ದನ್ನು ಹೇಳಿದೆ. "ಬುಡ್ಲಾ ಮಗ, ತೀರ್ಪುಗಾರ್ರು ಹೇಳುದ್ಮೇಲೆ ಮುಗೀತು," ಎಂದರು. ಕೊಟ್ಟಿಗೆಗೆ ಹೋಗಿ ನೋಡಿದರೆ ನಮ್ಮ ಎಡಗಡೆಯ ಎತ್ತಿನ ತೊಡೆಯಲ್ಲಿ ಬಾರುಕೋಲಿನ ಮೊಳೆ ಚುಚ್ಚಿದ ಎರಡು ಗಾಯಗಳಿದ್ದವು.

ತೀರ್ಪುಗಾರನು ಅಪ್ರಾಮಾಣಿಕನೆಂದು ನಾನು ಹೇಳಲಾರೆ. ನೋಡಲು ಸಾಧ್ಯವಿಲ್ಲದ ಸ್ಥಳದಲ್ಲಿ ಅವನನ್ನು ನಿಲ್ಲಿಸಿ ನ್ಯಾಯ ಕೇಳುವುದೇ ತಪ್ಪು. ಕರಾವಳಿಯ ಕಂಬಳಗಳಲ್ಲಿ ಇಂದು ಗುರಿಯ ಗೆರೆಗೆ ಲೇಸರ್ ಕಿರಣವನ್ನಿಟ್ಟು, ಸಂದೇಹ ಬಂದಾಗ ಚಿತ್ರವನ್ನು ಮತ್ತೆ ನೋಡುತ್ತಾರೆ. ಅಮೆರಿಕದಲ್ಲಿ ಬೇಟೆಯ ಹಕ್ಕಿಯನ್ನು ಹುಡುಕಿ ತರುವ ನಾಯಿಗಳ ಪರೀಕ್ಷೆಗಳುಂಟು. ಅಲ್ಲಿ ಇಬ್ಬರು ತೀರ್ಪುಗಾರರು ಕೂಡಿ ಅಳೆಯುತ್ತಾರೆ; ಸ್ಪರ್ಧೆಗೆ ಸೇರದ ನಾಯಿಯೊಂದನ್ನು ಮೊದಲು ಓಡಿಸಿ, ಒಡ್ಡಿದ ಪರೀಕ್ಷೆ ನ್ಯಾಯವಾದುದೋ ಅಪಾಯಕರವೋ ಎಂದು ತಿಳಿದುಕೊಳ್ಳುತ್ತಾರೆ. ನಮ್ಮ ಓಣಿಯಲ್ಲಿಯೂ ಮೊದಲೊಂದು ಜೋಡಿಯನ್ನು ನಿಧಾನವಾಗಿ ಓಡಿಸಿ ನೋಡಿದರೆ ಹೊಂಡವೆಲ್ಲಿ, ಕಲ್ಲೆಲ್ಲಿ ಎಂಬುದು ತಿಳಿಯದೆ?

ಬೇಕಾದುದು ಬಹಳವೇನಿಲ್ಲ. ಸ್ಪರ್ಧಿಗಳ ಬಂಧುಗಳು ತೀರ್ಪಿಗೆ ಕೂರಬಾರದು. ಗೆರೆಯ ಎರಡೂ ತುದಿಯಲ್ಲಿ ಎತ್ತರದ ಮಂಚವಿರಲಿ. ಒಂದು ಮೊಬೈಲ್ ಫೋನ್ ಕಂಬಕ್ಕೆ ಕಟ್ಟಿದರೂ ಸಾಕ್ಷಿಯಾದೀತು. ಓಣಿಯ ಎರಡೂ ಬದಿಗೆ ಗಟ್ಟಿಯಾದ ಬೇಲಿ, ಗೆರೆಯಾಚೆ ಗಾಡಿ ನಿಲ್ಲಲು ಸಾಕಷ್ಟು ಬಯಲು ಇರಬೇಕು. ಹಾಲುಹಲ್ಲಿನ ಹೋರಿಗೂ ಬಾಯಿಗೂಡಿದ ಎತ್ತಿಗೂ ಒಂದೇ ಪಂದ್ಯ ಇಡಬಾರದು. ಓಟಕ್ಕೆ ಮುಂಚೆಯೂ ಅನಂತರವೂ ಪಶುವೈದ್ಯರು ಎತ್ತುಗಳನ್ನು ನೋಡಬೇಕು. ಮೊಳೆಯಿರುವ ಬಾರುಕೋಲು ಸಿಕ್ಕರೆ ಆ ಜೋಡಿಯನ್ನು ಅಲ್ಲಿಯೇ ಹೊರಗಿಡಬೇಕು.

ಹೀಗೆಲ್ಲ ಕಟ್ಟುಪಾಡು ಮಾಡಿದರೆ ಆಟದ ಸೊಗಸೇ ಹೋಗುವುದೆಂದು ಕೆಲವರು ಹೇಳುತ್ತಾರೆ. ಕಟ್ಟುಪಾಡಿಲ್ಲದೆಯೇ 2014ರಲ್ಲಿ ಆಟವೇ ಹೋಗಿತ್ತೆಂಬುದನ್ನು ಅವರು ಮರೆಯಬಾರದು. ಮನುಷ್ಯನಿಗೆ ಅನ್ಯಾಯವಾದರೆ ಮೇಲಿನ ನ್ಯಾಯಾಲಯಕ್ಕೆ ಹೋದಾನು. ಎತ್ತು ಎಲ್ಲಿಗೆ ಹೋದೀತು?

ಆ ದಿನದ ಬಹುಮಾನದ ಹಿತ್ತಾಳೆಯ ಬಟ್ಟಲು ಇಂದಿಗೂ ನಮ್ಮ ನಡುಮನೆಯಲ್ಲಿದೆ. ಗೆರೆಯ ಬಳಿ ನಿಂತು ಕಂಡವನು ನಾನು. ಅಲ್ಲಿಯೇ ಬಾಯಿ ಬಿಡದವನೂ ನಾನೇ. ಮುಂದಿನ ಸುಗ್ಗಿಯಲ್ಲಿ ಗೆರೆಯ ಬಳಿ ನಿಲ್ಲುವ ನನ್ನ ಸಹಪಾಠಿಗಳು ನನ್ನಂತೆ ಸುಮ್ಮನಿರದಿರಲಿ ಎಂಬುದೇ ನನ್ನ ಬಿನ್ನಹ.