ಹನಿಯ ಮೂಲ

ನದೀಮೂಲವನ್ನೂ ಋಷಿಮೂಲವನ್ನೂ ಅರಸಬಾರದೆಂಬುದು ಹಿರಿಯರ ಮಾತು. ಆದರೆ ಮನೆಯ ಹಳೆಯ ಮೋಟಾರುಕಾರಿನ ಕೆಳಗೆ ಬೆಳಗಿನ ಹೊತ್ತು ಕಾಣುವ ಕಲೆಯ ಮೂಲವನ್ನು ಅರಸದೆ ಬಿಡುವ ಗೃಹಸ್ಥನು ಹಣವನ್ನು ಕಳೆದುಕೊಳ್ಳುವನು. ದೈವವು ಪ್ರತಿಕೂಲವಾದರೆ ಅದಕ್ಕಿಂತ ದೊಡ್ಡದನ್ನೂ ಕಳೆದುಕೊಳ್ಳುವನು. ನಮ್ಮ ದೇಶದ ಸಂಸಾರಗಳಿಗೆ ಬಹುಕಾಲ ಸೇವೆ ಸಲ್ಲಿಸಿದ ಅಂಬಾಸಿಡರ್ ಮತ್ತು ಮಾರುತಿ 800 ಎಂಬ ಎರಡು ಕಾರುಗಳ ತಯಾರಿಕೆಯೂ 2014ರಲ್ಲಿ ನಿಂತುಹೋಯಿತು. ಆದಕಾರಣ ಇಂದು ಓಡಾಡುತ್ತಿರುವ ಅವುಗಳಲ್ಲಿ ಅತ್ಯಂತ ಕಿರಿಯದಕ್ಕೂ ಹತ್ತು ವರ್ಷ ಮೀರಿರುವುದು. ಇಷ್ಟು ವಯಸ್ಸಾದ ಯಂತ್ರದಲ್ಲಿ ರಬ್ಬರು ಬಿರುಸಾಗುವುದೂ ಪ್ಯಾಕಿಂಗು ಕುಗ್ಗುವುದೂ ಕೊಳವೆ ಬಿರಿಯುವುದೂ ಸಹಜವೇ. ಸೋರುವುದು ಆಶ್ಚರ್ಯವಲ್ಲ, ಎಲ್ಲಿಂದ ಸೋರುತ್ತಿದೆಯೆಂದು ತಿಳಿಯುವುದೇ ಕಷ್ಟ.

ಈ ಶೋಧನೆಯಲ್ಲಿ ಮೂರು ಪ್ರಶ್ನೆಗಳನ್ನು ಕ್ರಮವಾಗಿ ಕೇಳತಕ್ಕದ್ದು. ಸೋರಿದ ದ್ರವ್ಯ ಯಾವುದು? ಅದು ಹುಟ್ಟಿದ ಸ್ಥಾನ ಯಾವುದು? ಅದಕ್ಕೆ ಹೇತು ಯಾವುದು? ಕ್ರಮ ತಪ್ಪಿದರೆ ಶ್ರಮವೂ ವ್ಯರ್ಥ, ಹಣವೂ ವ್ಯರ್ಥ.

ದ್ರವ್ಯವನ್ನು ತಿಳಿಯುವ ಬಗೆ ಸುಲಭವಾದುದು. ರಾತ್ರಿ ಕಾರನ್ನು ಸಮನೆಲದಲ್ಲಿ ನಿಲ್ಲಿಸಿ, ಅದರ ಕೆಳಗೆ ಅಗಲವಾದ ಬಿಳಿಯ ರಟ್ಟನ್ನು ಹಾಸಿ, ಮುಂದಿನ ಗಾಲಿಗಳಿರುವ ಎಡೆಯನ್ನು ಸೀಸದ ಕಡ್ಡಿಯಿಂದ ಗುರುತಿಸಬೇಕು. ಬೆಳಗ್ಗೆ ಬಣ್ಣ, ವಾಸನೆ, ಬಿದ್ದ ಎಡೆ ಇವನ್ನು ನೋಡಬೇಕು. ಜೇನಿನ ಬಣ್ಣದ ಅಥವಾ ಕಪ್ಪಗಿನ ಜಿಡ್ಡು ಇಂಜಿನ್ ಆಯಿಲ್. ಗಟ್ಟಿಯಾಗಿ ಗಂಧಕದಂತೆ ಕಟುವಾಸನೆ ಬೀರುವುದು ಗೇರ್ ಆಯಿಲ್. ಹಸುರು ಅಥವಾ ಕೆಂಪು ಬಣ್ಣದ, ಸಿಹಿವಾಸನೆಯ ನೀರು ರೇಡಿಯೇಟರಿನ ಕೂಲಂಟ್. ಇದು ವಿಷ, ರುಚಿಗೆ ಮರುಳಾಗಿ ನಾಯಿಬೆಕ್ಕುಗಳು ನೆಕ್ಕುವುದುಂಟು. ಆದುದರಿಂದ ಮಕ್ಕಳಿರುವ ಮನೆಯವರು ಕೂಡಲೆ ತೊಳೆದುಬಿಡಬೇಕು. ಬಣ್ಣವೂ ವಾಸನೆಯೂ ಇಲ್ಲದ ಶುದ್ಧ ನೀರಾದರೆ, ಏರ್‌ಕಂಡೀಷನರ್ ಇರುವ ಕಾರಿನಲ್ಲಿ ಅದು ತಂಪಿಗೆ ಇಳಿದ ಗಾಳಿಯ ತೇವವಷ್ಟೆ, ಚಿಂತೆಗೆ ಕಾರಣವಿಲ್ಲ.

ಎರಡು ದ್ರವ್ಯಗಳ ವಿಷಯದಲ್ಲಿ ಮಾತ್ರ ಸಾವಕಾಶವೆಂಬುದೇ ಸಲ್ಲದು. ಪೆಟ್ರೋಲು ಬೇಗನೆ ಆರಿಹೋಗುವುದರಿಂದ ಕಲೆ ಕಾಣದಿರಬಹುದು. ವಾಸನೆಯೇ ಅದರ ಸಾಕ್ಷಿ. ಆಗ ದೀಪ, ಬೆಂಕಿಕಡ್ಡಿಗಳನ್ನು ದೂರವಿಟ್ಟು, ಇಂಜಿನ್ನನ್ನು ಚಾಲೂಮಾಡದೆ ಬಿಡಬೇಕು. ಗಾಲಿಯ ಒಳಮಗ್ಗುಲಲ್ಲಾಗಲಿ, ಬ್ರೇಕ್ ತುಳಿಯುವ ಎಡೆಯಲ್ಲಾಗಲಿ ತೆಳ್ಳಗೆ ಜಾರುವ, ನಸುಹಳದಿಯ ದ್ರವವು ಕಂಡರೆ ಅದು ಬ್ರೇಕ್ ಆಯಿಲ್ ಎಂದೇ ಎಣಿಸತಕ್ಕದ್ದು. ಅಂತಹ ಕಾರನ್ನು ಗ್ಯಾರೇಜಿನವರೆಗೂ ಓಡಿಸಿಕೊಂಡು ಹೋಗಬಾರದು. ಮೇಸ್ತ್ರಿಯನ್ನೇ ಮನೆಗೆ ಕರೆಸಬೇಕು. ಗ್ಯಾರೇಜು ಎರಡು ಬೀದಿಯಾಚೆಯೇ ಇರಬಹುದು. ಬ್ರೇಕು ಹಿಡಿಯದಿರಲು ಒಂದು ತಿರುವು ಸಾಕು.

ಇನ್ನು ಸ್ಥಾನ. ಹನಿ ಬಿದ್ದ ಎಡೆ ಬೇರೆ, ಹುಟ್ಟಿದ ಎಡೆ ಬೇರೆ. ಮಾಳಿಗೆಯ ಸೋರಿಕೆಯು ತೊಲೆಯ ಗುಂಟ ಹರಿದು ಮತ್ತೊಂದು ಕೋಣೆಯಲ್ಲಿ ತೊಟ್ಟಿಕ್ಕುವುದನ್ನು ಯಾರು ಕಂಡಿಲ್ಲ? ಎಣ್ಣೆಯೂ ಹಾಗೆಯೇ ಮೇಲಿನಿಂದ ಕೆಳಕ್ಕೆ ಇಳಿಯುವುದು. ಕಾರು ಓಡುವಾಗ ಗಾಳಿಯ ಹೊಡೆತಕ್ಕೆ ಹಿಂದಕ್ಕೂ ಸರಿಯುವುದು. ಆದಕಾರಣ ಒದ್ದೆಯಾದ ಭಾಗಗಳಲ್ಲಿ ಅತ್ಯಂತ ಮೇಲಿನದನ್ನೂ ಮುಂದಿನದನ್ನೂ ಮೊದಲು ಶಂಕಿಸಬೇಕು.

ನಮ್ಮ ಬೀದಿಯ ಗೃಹಸ್ಥರೊಬ್ಬರ ಅಂಬಾಸಿಡರಿನಲ್ಲಿ ಇಂಜಿನ್ನಿನ ತಳದಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಗ್ಯಾರೇಜೊಂದರಲ್ಲಿ ತಳದ ಪ್ಯಾಕಿಂಗನ್ನು ಎರಡು ಸಲ ಬದಲಿಸಿದರೂ ಕಲೆ ತಪ್ಪಲಿಲ್ಲ. ಕಡೆಗೆ ವೃದ್ಧ ಮೇಸ್ತ್ರಿಯೊಬ್ಬನು ತಣಿದ ಇಂಜಿನ್ನನ್ನು ಚೆನ್ನಾಗಿ ತೊಳೆದೊರೆಸಿ, ಸುತ್ತಲೂ ಸೀಮೆಸುಣ್ಣದ ಪುಡಿಯನ್ನು ಧೂಳಿಸಿ, ಸ್ವಲ್ಪ ಹೊತ್ತು ಚಾಲೂಮಾಡಿಸಿದನು. ಬಿಳಿಯ ಪುಡಿಯ ಮೇಲೆ ಕಪ್ಪುಗೆರೆಯೊಂದು ಮೂಡಿತು. ಅದರ ತುದಿ ಇದ್ದುದು ನೆತ್ತಿಯ ಮೇಲಿನ ಟ್ಯಾಪೆಟ್ ಕವರಿನಲ್ಲಿ! ಅಲ್ಲಿನ ಪ್ಯಾಕಿಂಗನ್ನು ಬದಲಿಸಲಾಯಿತು. ಒಂದು ತಿಂಗಳು ನೆಲ ಒಣಗಿತ್ತು. ಬಳಿಕ ಮತ್ತೆ ಅದೇ ಕಲೆ.

ಇಲ್ಲಿಯೇ ಮೂರನೆಯ ಪ್ರಶ್ನೆ ಹುಟ್ಟುವುದು. ಹೊಸ ಪ್ಯಾಕಿಂಗು ಸೋರುವುದೇಕೆ? ಇಂಜಿನ್ನಿನ ಒಡಲಿನ ಆವಿ ಹೊರಹೋಗಲು ಒಂದು ಕೊಳವೆಯುಂಟು. ಅದು ಮಡ್ಡಿಯಿಂದ ಕಟ್ಟಿಹೋದರೆ ಒಳಗಿನ ಒತ್ತಡವು ಏರಿ, ಎಣ್ಣೆಯನ್ನು ಸಿಕ್ಕ ಸಂದಿಯಿಂದ ಹೊರದೂಡುವುದು. ಮೇಸ್ತ್ರಿಯು ಈ ಸಲ ಮತ್ತೇನನ್ನೂ ಮುಟ್ಟದೆ ಆ ಕೊಳವೆಯನ್ನು ಮಾತ್ರ ಶುದ್ಧಗೊಳಿಸಿದನು, ಸೋರಿಕೆ ನಿಂತಿತು. ಕೊಳವೆ ಕಟ್ಟಿದ್ದಾಗ ಸೋರಿಕೆಯಿತ್ತು, ಕಟ್ಟು ಬಿಟ್ಟಾಗ ಇಲ್ಲವಾಯಿತು. ನಮ್ಮ ತಾರ್ಕಿಕರು ಅನ್ವಯ-ವ್ಯತಿರೇಕವೆಂದು ಕರೆಯುವುದು ಇದನ್ನೇ. ಮೂರು ಭಾಗಗಳನ್ನು ಒಮ್ಮೆಗೆ ಬದಲಿಸಿದ್ದರೆ ದೋಷಿ ಯಾವುದೆಂದು ಎಂದಿಗೂ ತಿಳಿಯುತ್ತಿರಲಿಲ್ಲ.

ನೆಲವು ಒಣಗಿದ್ದೂ ಕೂಲಂಟ್ ಕಡಮೆಯಾಗುತ್ತಿದ್ದರೆ ಅದು ಇನ್ನೂ ಗೂಢವಾದ ಸೋರಿಕೆ. ಕೆಲವು ಬಿರುಕುಗಳು ಬಿಸಿಯೊತ್ತಡದಲ್ಲಿ ಮಾತ್ರ ಬಾಯಿಬಿಡುವುವು. ಸೋರಿದ್ದು ಕಾದ ಲೋಹದ ಮೇಲೆಯೇ ಆವಿಯಾಗಿ, ಬಣ್ಣದ ಹರಳನ್ನು ಉಳಿಸುವುದು. ಆದರೆ ಆಯಿಲ್ ಮುಚ್ಚಳದೊಳಗೆ ಹಾಲು ಬೆರೆಸಿದ ಕಾಫಿಯಂತಹ ಕೆಸರೂ, ಇಂಜಿನ್ ಬಿಸಿಯಾದ ಮೇಲೂ ದಟ್ಟವಾದ ಬಿಳಿಯ ಹೊಗೆಯೂ ಕಂಡರೆ ನೀರು ಇಂಜಿನ್ನಿನ ಒಳಗೇ ಸೇರುತ್ತಿರಬಹುದು. ಆಗ ಕಾರನ್ನು ನಿಲ್ಲಿಸಿ ಹೆಡ್ ಗ್ಯಾಸ್ಕೆಟನ್ನು ಪರೀಕ್ಷಿಸಿಸಬೇಕು.

ಪರೀಕ್ಷಿಸುವವರು ಮೂರು ಎಚ್ಚರಿಕೆಗಳನ್ನು ಮರೆಯದಿರಲಿ. ಬಿಸಿಯಾದ ರೇಡಿಯೇಟರಿನ ಮುಚ್ಚಳವನ್ನು ತೆಗೆಯಬೇಡಿರಿ. ಕೂಗುತ್ತಿರುವ ಕುಕ್ಕರಿನ ಮುಚ್ಚಳವನ್ನು ನಮ್ಮ ಗೃಹಿಣಿಯರು ತೆಗೆಯುವರೇ? ಓಡುತ್ತಿರುವ ಇಂಜಿನ್ನಿನ ಬಳಿ ಪಂಚೆ, ಸೆರಗುಗಳನ್ನು ಬಿಗಿಯಾಗಿ ಕಟ್ಟಿಕೊಳ್ಳಿರಿ. ಬರಿಯ ಜಾಕಿಯನ್ನು ನಂಬಿ ಕಾರಿನ ಕೆಳಗೆ ಎಂದಿಗೂ ನುಸುಳಬೇಡಿರಿ.

ಮನೆಯ ಲೆಕ್ಕದ ಪುಸ್ತಕದಲ್ಲಿ ಒಂದು ಪುಟವನ್ನು ಕಾರಿಗಾಗಿ ಮೀಸಲಿಟ್ಟು, ಯಾವ ದಿನ, ಎಷ್ಟು ಕಿಲೋಮೀಟರಿಗೆ, ಯಾವ ದ್ರವವನ್ನು ಎಷ್ಟು ಸುರಿದೆವೆಂಬುದನ್ನು ಬರೆದಿಡುವುದು ಉತ್ತಮ. ಮೇಸ್ತ್ರಿಯ ಬಳಿಗೆ ಹೋದಾಗ “ಈ ಭಾಗವನ್ನು ಬದಲಿಸಪ್ಪ” ಎನ್ನುವುದಕ್ಕಿಂತ ಆ ಪುಟವನ್ನೂ ರಟ್ಟನ್ನೂ ಅವನ ಮುಂದಿಡಿರಿ. ರೋಗಿಯು ವೈದ್ಯನಿಗೆ ಲಕ್ಷಣವನ್ನು ಹೇಳಬೇಕೇ ಹೊರತು ಔಷಧವನ್ನಲ್ಲ.