ದೀಪ ಅವರದು, ಜೀವ ಯಾರದು?

ಗೋವಾದಾಗ ಹಬ್ಬ ಅಂದ್ರ ಬೆಳಕು. ಚೌತಿಗೆ ಮಂಟಪದ ತುಂಬ ಸೀರಿಯಲ್ ಸೆಟ್ಟು, ದೀಪಾವಳಿಗೆ ಮನಿ ಮುಂದ ಆಕಾಶಬುಟ್ಟಿ, ಡಿಸೆಂಬರ್ ಬಂತಂದ್ರ ಕ್ರಿಸ್‌ಮಸ್ ನಕ್ಷತ್ರ. ನೋಡಾಕ ಚೆಂದ, ಅದಕ್ಕ ನನ್ನ ತಕರಾರಿಲ್ಲ. ನನ್ನ ತಕರಾರು ಅವನ್ನ ಕಟ್ಟಾಕ ನಿಚ್ಚಣಿಕಿ ಏರೋ ಹುಡುಗನ ಸಲುವಾಗಿ. ಯಾಕಂದ್ರ ಭಾಳ ಸಲ ಅವ ನಮ್ಮವನೇ ಇರ್ತಾನ.

ವಿಜಯಪುರ, ಬಾಗಲಕೋಟಿ, ಗದಗ, ಕೊಪ್ಪಳದ ಕಡೆಯಿಂದ ದುಡಿಯಾಕ ಹೋದವರು ಮಡಗಾಂವ, ಮಾಪ್ಸಾ, ವಾಸ್ಕೊದಾಗ ಮುಂಜಾನೆ ನಾಕಾಕ್ಕ ನಿಲ್ತಾರ. ಗಾರೆ ಹೊರಾಕ ಅವರೇ, ಕಸ ಕಡಿಯಾಕ ಅವರೇ, ಹಬ್ಬಕ್ಕ ದೀಪ ಕಟ್ಟಾಕೂ ಅವರೇ. ಉಳಿದ ದಿನ ‘ಘಾಟಿ’ ಅಂತ ಹೀಯಾಳಿಸೋ ಬಾಯಿ ಅವತ್ತು ‘ಗಿಡ ಏರಪ್ಪಾ’ ಅಂತದ. ಇವನಿಗೆ ಕರೆಂಟಿನ ಕೆಲಸ ಬರ್ತದೋ ಇಲ್ಲೋ ಯಾರೂ ಕೇಳೂದಿಲ್ಲ. ಕೂಲಿ ಕಡಿಮಿ, ಅಷ್ಟ ಸಾಕು.

ಮನಿಗೆ ಬರೋ ಕರೆಂಟು 230 ವೋಲ್ಟ್. ಅದಕ್ಕ ಬಡವ ಬಲ್ಲಿದ ಗೊತ್ತಿಲ್ಲ. ಪ್ಲಗ್ ಇಲ್ಲದ ವೈರಿನ ತುದಿಯನ್ನು ಬೆಂಕಿಕಡ್ಡಿ ತುರುಕಿ ಬೋರ್ಡಿಗೆ ಸಿಗಿಸ್ತಾರ. ಮೇನ್ ಸ್ವಿಚ್ ಆರಿಸದೆ ಅಲ್ಯುಮಿನಿಯಂ ನಿಚ್ಚಣಿಕಿ ಏರಿಸ್ತಾರ. ಮನಿಯೊಳಗ ಹಚ್ಚೋ ಸರವನ್ನು ಮಳಿಯಾಗ, ತಗಡಿನ ಮ್ಯಾಲೆ, ಕಬ್ಬಿಣದ ಕಿಟಕಿಗೆ ಸುತ್ತಿಸ್ತಾರ. ಗೋವಾದ ಚೌತಿ ಬರೋದೇ ಮಳಿಗಾಲದಾಗ. ಸಮುದ್ರದ ಉಪ್ಪುಗಾಳಿ ತಂತಿ, ತಿರುಪು ಎಲ್ಲಾನೂ ತಿಂತದ. ಹೋದ ವರ್ಷದ ಸರ ಪೆಟ್ಟಿಗಿಯಿಂದ ತಗದು, ವೈರ್ ಬಿರುಕು ಬಿಟ್ಟದೇನು ಅಂತ ನೋಡದೆ ಹಂಗ ಕಟ್ಟೋದು ಮೃತ್ಯುವಿಗೆ ತೋರಣ ಕಟ್ಟಿದಂಗ.

‘ಎಂಸಿಬಿ ಅದ ಬಿಡ್ರಿ’ ಅಂತಾರ. ಎಂಸಿಬಿ ವೈರ್ ಸುಡದಂಗ ಕಾಯ್ತದ. ಮನುಷ್ಯಾನ್ನ ಕಾಯಾಕ ಆರ್‌ಸಿಸಿಬಿ ಬೇಕು. 30 ಮಿಲಿಆಂಪಿಯರಿನದು ಹಾಕಿದ್ರ, ಅಷ್ಟು ಕರೆಂಟು ಸೋರಿದ ಕೂಡಲೇ ಅದು ತಾನೇ ಲೈನ್ ಕಡೀತದ. ಲಕ್ಷಗಟ್ಟಲೆ ಸುರಿದು ಮನಿ ಸಿಂಗಾರ ಮಾಡೋರು ಅದೊಂದು ಹಾಕಿಸಾಕ ಹಿಂದ ಮುಂದ ನೋಡ್ತಾರ.

ಅದಕ್ಕ ನಾನು ಹೇಳೋದು ಇಷ್ಟ: ಹೊರಗಿನ ದೀಪದ ಕೆಲಸಕ್ಕ ಅದೇ ಊರಿನ ಪರ್ಮಿಟ್ ಇರೋ ವೈರ್‌ಮನ್ ಬರಬೇಕು. ನಾಕಾದಿಂದ ಹಿಡಕೊಂಡು ಬಂದ ಕೂಲಿಯವ ಅಲ್ಲ.

ಈ ಮಾತಿಗೆ ನಮ್ಮವರೇ ಸಿಟ್ಟಾಗ್ತಾರ. ‘ಕಾಕಾ, ನಮ್ಮ ಹುಡುಗರ ಹೊಟ್ಟಿ ಮ್ಯಾಲೆ ಹೊಡೀತೀರೇನು?’ ಅಂತಾರ. ಹೊಟ್ಟಿ ತುಂಬಬೇಕಂದ್ರ ಮೊದಲು ಜೀವ ಇರಬೇಕಲ್ಲ ತಮ್ಮಾ? ಒಂದು ದಿನದ ಪಗಾರಕ್ಕ ಮನಿ ಆಧಾರ ಹೋದ್ರ, ಹಡೆದಾಕಿಗೆ ಯಾರು ಜವಾಬು ಕೊಡ್ತಾರ? ಕೆಲಸಕ್ಕ ಹಚ್ಚಿದವರು ‘ಅವ ಯಾರೋ ಗೊತ್ತಿಲ್ಲ, ನಾಕಾದಾಗ ಸಿಕ್ಕಿದ್ದ’ ಅಂತಾರ. ಊರಿನ ವೈರ್‌ಮನ್ ಆದ್ರ ಹೆಸರದ, ಮನಿ ಅದ. ನಾಳೆ ವೈರ್ ಸುಟ್ರ ಅವನ್ನೇ ಕರೀಬೇಕು, ಅವನೇ ಬರಬೇಕು. ನನ್ನ ಲೆಕ್ಕದಾಗ ಸ್ಥಳೀಕ ಅಂದ್ರ ಭಾಷಿ ಅಲ್ಲ, ಜವಾಬ್ದಾರಿ. ಝುವಾರಿನಗರದಾಗ ಹುಟ್ಟಿ ಬೆಳೆದ ಕನ್ನಡದ ಹುಡುಗ ಪರ್ಮಿಟ್ ತಗೊಂಡ್ರ ಅವನೂ ಅಲ್ಲಿಯ ಸ್ಥಳೀಕನೇ. ನಮ್ಮ ಹುಡುಗರು ಆ ವೈರ್‌ಮನ್ ಕೈಕೆಳಗ ಹೋಗಲಿ, ಬಿದಿರ ನಿಚ್ಚಣಿಕಿ ಹಿಡೀಲಿ, ಕೆಲಸ ಕಲೀಲಿ. ಆದ್ರ ಕೂಲಿ ಮೊದಲೇ ಮಾತಾಡಿರಬೇಕು.

ಮಾಸ್ತರರೇ, ನಿಮಗೊಂದು ಮಾತು. ಐಟಿಐದಾಗ ವೈರ್‌ಮನ್ ಅಂತ ಎರಡು ವರ್ಷದ ಕಲಿಕಿ ಅದ. ಎಂಟನೇತ್ತೆ ಪಾಸಾದವರೂ ಸೇರಬಹುದು. ಸಾಲಿ ಬಿಟ್ಟು ಗೋವಾದ ಬಸ್ಸು ಹತ್ತೋ ಹುಡುಗನಿಗೆ ಹತ್ತೋಕಿಂತ ಮೊದಲು ಇದನ್ನ ಹೇಳ್ರಿ.

ಊರ ಹಿರಿಯರೇ, ನಾವೂ ಗೋವಾದವರನ್ನಷ್ಟೇ ಬೈದು ಕುಂದ್ರೋ ಹಂಗಿಲ್ಲ. ನಮ್ಮ ಜಾತ್ರ್ಯಾಗ ಕಂಬದ ಲೈನಿಗೆ ಕೊಕ್ಕಿ ಹಾಕಿ ಪೆಂಡಾಲಿಗೆ ದೀಪ ಹಚ್ಚೋರು ಯಾರು? ಅದು 2003ರ ವಿದ್ಯುತ್ ಕಾಯಿದೆಯ 135ನೇ ಕಲಮಿನ ಪ್ರಕಾರ ಕಳವು. ಮೂರು ವರ್ಷದ ತನಕ ಜೈಲಾಗಬಹುದು. ದೇವರ ಹೆಸರಿನಾಗ ಕಳವಿನ ಬೆಳಕು ಯಾಕ ಬೇಕು? ಹೆಸ್ಕಾಂಗೆ ಅರ್ಜಿ ಕೊಟ್ಟು ತಾತ್ಪೂರ್ತಿಕ ಮೀಟರ್ ತಗೋಬೇಕು.

ಗೋವಾದಾಗಿರೋ ತಮ್ಮಂದಿರಾ, ‘ಮೇನ್ ಆರಿಸ್ರಿ, ವೈರ್‌ಮನ್ ಕರೀರಿ, ಆಮ್ಯಾಲೆ ಏರ್ತೀನಿ’ ಅನ್ನಾಕ ಕಲೀರಿ. ಒಪ್ಪದವರ ಮನಿ ಕತ್ತಲಾಗಿರಲಿ.