ಬ್ಲೀಚ್ ಬಿದ್ದ ಬಟ್ಟೆಗೆ ವಿನೆಗರ್ ಹಚ್ಚಿದರೆ ಬಣ್ಣ ಮರಳುತ್ತದೆಯೇ?

ಮಳೆಗಾಲದಲ್ಲಿ ಯಾಣ, ಕುಮಟಾ ಕಡೆ ಅಂಗಳ ಪಾಚಿ ಕಟ್ಟಿ ಜಾರುತ್ತದೆ. ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕುವಾಗ ನೀರು ಸಿಡಿದರೆ ಉಟ್ಟ ಬಟ್ಟೆಯ ಮೇಲೆ ಬಿಳಿ ಚುಕ್ಕೆ ಏಳುತ್ತದೆ. ಇದಕ್ಕೆ ವಾಟ್ಸಾಪ್‌ನಲ್ಲಿ ಓಡಾಡುವ ಮದ್ದು: ಲಿಂಬೆರಸ ಅಥವಾ ವಿನೆಗರ್ ಹಚ್ಚಿ, ಬಣ್ಣ ವಾಪಸ್ ಬರುತ್ತದೆ. ಇದು ನಿಜವೇ?

ಅಲ್ಲ. ಅದು ಮೇಲೆ ಕೂತ ಕಲೆಯಲ್ಲ. ಬ್ಲೀಚ್ ಬಣ್ಣದ ಅಣುಗಳನ್ನೇ ಒಡೆದಿರುತ್ತದೆ. ಹಾಗೆ ಹೋದ ಬಣ್ಣವನ್ನು ಯಾವ ಹುಳಿಯೂ ತರಲಾರದು. ಬದಲಿಗೆ ಬ್ಲೀಚ್‌ಗೆ ಹುಳಿ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. 1915ರಲ್ಲಿ ಮೊದಲ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟದ್ದು ಇದೇ ಅನಿಲವನ್ನು. ಬಾಗಿಲು ಹಾಕಿದ ಬಚ್ಚಲಲ್ಲಿ ಸ್ವಲ್ಪ ಅನಿಲವೇ ಕಣ್ಣುರಿ, ಕೆಮ್ಮು, ಉಸಿರುಗಟ್ಟುವಿಕೆ ತರಬಹುದು. ಆಸ್ತಮಾ ಇದ್ದವರಿಗೆ ಅಪಾಯ ಹೆಚ್ಚು. ಘಾಟು ಬಂದರೆ ಕೂಡಲೇ ಹೊರಗಿನ ಗಾಳಿಗೆ ಬನ್ನಿ. ಉಸಿರಾಟದ ತೊಂದರೆ ಉಳಿದರೆ ವೈದ್ಯರನ್ನು ಕಾಣಿ.

ಹಾಗಾದರೆ ಏನು ಮಾಡಬೇಕು?

ಮೊದಲು ಬಟ್ಟೆಯನ್ನು ತಣ್ಣೀರಿನಲ್ಲಿ ಹಲವು ಸಲ ಜಾಲಾಡಿಸಿ. ನೂಲಿನಲ್ಲಿ ಬ್ಲೀಚ್ ಉಳಿದರೆ ಅದು ಬಟ್ಟೆಯನ್ನು ಪಿಸಿಯುವಂತೆ ಮಾಡುತ್ತದೆ. ನಂತರ ಆ ಜಾಗವನ್ನು ಮೆಲ್ಲಗೆ ಎಳೆದು ನೋಡಿ. ಗಟ್ಟಿಯಿದ್ದರೆ ಹತ್ತಿ ಬಟ್ಟೆಗೆ ಗಾಢ ಬಣ್ಣ ಅದ್ದಿಸಬಹುದು. ಪಾಲಿಯೆಸ್ಟರ್‌ಗೆ ಹತ್ತಿಯ ಬಣ್ಣ ಹಿಡಿಯುವುದಿಲ್ಲ. ಚುಕ್ಕೆ ಚಿಕ್ಕದಾದರೆ ಅದೇ ಬಣ್ಣದ ಫ್ಯಾಬ್ರಿಕ್ ಪೆನ್ ಸಾಕು. ದೊಡ್ಡದಾದರೆ ತೇಪೆ ಹಾಕಿ, ಇಲ್ಲವೇ ಮೇಲೆ ಕಸೂತಿ ಹಾಕಿ. ರೇಷ್ಮೆ, ಉಣ್ಣೆಗೆ ಬ್ಲೀಚ್ ಬಿದ್ದರೆ ನೂಲೇ ಕರಗುತ್ತದೆ, ಅಲ್ಲಿ ತೇಪೆಯೊಂದೇ ದಾರಿ.

ಇನ್ನು ಮುಂದೆ ಅಂಗಳ ತೊಳೆಯುವಾಗ ಹಳೇ ಬಟ್ಟೆ ಉಡಿ. ಆ ವಿನೆಗರ್ ಸಲಹೆ ನಿಮ್ಮ ಗ್ರೂಪಿಗೆ ಬಂದರೆ, ಮುಂದೆ ಕಳಿಸದೆ ಈ ಮಾತನ್ನು ಕಳಿಸಿ: ಬ್ಲೀಚ್‌ಗೆ ನೀರು ಬಿಟ್ಟು ಬೇರೇನೂ ಬೆರೆಸಬೇಡಿ.